ಕ್ರಿಸ್‌ಮಸ್ ಮರದ ಬುಡದ ಬಟ್ಟೆ

ನಮ್ಮ ಮನೆಯಲ್ಲಿ ಅತ್ತೆ ಸೊಸೆ ಮಾತು ಬಿಟ್ಟು ಹನ್ನೊಂದು ದಿನವಾಗಿತ್ತು. ಆ ಹನ್ನೊಂದು ದಿನವೂ ಇಬ್ಬರ ನಡುವೆ ಟಪಾಲು ಹೊತ್ತವನು ನಾನು. ನೀರಿನ ಮೀಟರ್ ಓದುವ ಕೆಲಸದಲ್ಲಿ ಮೂವತ್ತು ವರ್ಷ ಸವೆಸಿ ನಿವೃತ್ತನಾದವನು. ಎಷ್ಟೋ ಮನೆಗಳ ಜಗಳವನ್ನು ಕಾಂಪೌಂಡಿನ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಕೇಳಿಸಿಕೊಂಡಿದ್ದೇನೆ. ಆದರೆ ಅಲ್ಲಿ ಅಂಕಿ ಬರೆದುಕೊಂಡು ಪಕ್ಕದ ಮನೆಗೆ ಹೋಗಿಬಿಡಬಹುದಿತ್ತು. ಇಲ್ಲಿ ಹೋಗುವುದೆಲ್ಲಿಗೆ?

ಒಲೆಯಿಂದ ಊಟದ ಮೇಜಿಗೆ ಆರು ಹೆಜ್ಜೆ. ನನ್ನ ಹೆಂಡತಿ ಒಲೆಯ ಮುಂದೆ ನಿಂತು, "ರೀ, ಬೀನ್ಸಿಗೆ ಉಪ್ಪು ಸಾಕಾ ಕೇಳಿ" ಅನ್ನುವಳು. ಆರು ಹೆಜ್ಜೆ ಆಚೆಯಿಂದ ಸೊಸೆ, "ಮಾವ, ಸಾಕು ಅಂತ ಹೇಳಿ" ಅನ್ನುವಳು. ಇಬ್ಬರ ಕಿವಿಯೂ ಗಟ್ಟಿಮುಟ್ಟಾಗಿಯೇ ಇವೆ. ಆದರೂ ನಾನು "ಸಾಕಂತೆ" ಅನ್ನುವ ತನಕ ಉಪ್ಪಿನ ಡಬ್ಬಿಯ ಮುಚ್ಚಳ ಮುಚ್ಚುತ್ತಿರಲಿಲ್ಲ.

ಜಗಳದ ಮೂಲ ನಮ್ಮ ಮುಂದಿನ ಕೋಣೆ. ಹತ್ತಡಿಗೆ ಹನ್ನೆರಡಡಿ, ಬಾಗಿಲು ರಸ್ತೆಗೆ. ಅದರೊಳಗೆ ಕೂತು ನನ್ನ ಹೆಂಡತಿ ಮೂವತ್ತೆಂಟು ವರ್ಷ ಬೀದಿಯವರ ಬಟ್ಟೆ ಹೊಲಿದಿದ್ದಾಳೆ. ಅವಳನ್ನು ಟೈಲರಮ್ಮ ಅಂತಲೇ ಎಲ್ಲರೂ ಕರೆಯುವುದು. ನನ್ನನ್ನೂ ಟೈಲರಮ್ಮನ ಯಜಮಾನರು ಅಂತಲೇ. ಎರಡು ವರ್ಷದ ಹಿಂದೆ ಅವಳ ಕಣ್ಣಿನ ಪೊರೆ ತೆಗೆಸಿದೆವು. ದೂರದ್ದೆಲ್ಲ ಲಕ್ಷಣವಾಗಿ ಕಾಣತೊಡಗಿತು, ಎದುರು ಮನೆಯವರು ಊಟಕ್ಕೆ ಏನು ಬಡಿಸಿಕೊಂಡರು ಅನ್ನುವುದೂ ಸೇರಿ. ಸೂಜಿಯ ಕಣ್ಣು ಮಾತ್ರ ಕಾಣಲಿಲ್ಲ. ಒಂದು ದಿನ ಯಾರದೋ ಅಂಗಿಗೆ ಕಾಲರನ್ನು ತಿರುವುಮುರುವಾಗಿ ಕೂರಿಸಿದಳು. ಅವತ್ತು ಸಂಜೆ ಶಟರ್ ಎಳೆದವಳು ಮತ್ತೆ ಎತ್ತಲಿಲ್ಲ.

ನನ್ನ ಮಗ ಲಿಫ್ಟ್ ರಿಪೇರಿಯವನು. ಹೊಸ ವರ್ಷದ ಒಂದನೇ ತಾರೀಕಿನಿಂದ ಕೋಣೆಯನ್ನು ಒಬ್ಬ ಜೆರಾಕ್ಸಿನವನಿಗೆ ಬಾಡಿಗೆಗೆ ಕೊಡೋಣ ಅಂತ ಅವನ ಲೆಕ್ಕ. ಸೊಸೆಗೆ ಬೇರೆ ಆಸೆ ಇತ್ತು. ಔಷಧಿ ಅಂಗಡಿಯ ಕೌಂಟರಿನಲ್ಲಿ ದಿನಕ್ಕೆ ಒಂಬತ್ತು ಗಂಟೆ ನಿಂತು ನಿಂತು ಅವಳ ಪಾದ ಊದಿಕೊಂಡು ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಕೈಕೆಲಸ ಅವಳಿಗೆ ಪ್ರೀತಿ. ಉಣ್ಣೆ, ಮಣಿ, ಬಟ್ಟೆ ಚೂರು ಏನು ಸಿಕ್ಕರೂ ಏನಾದರೊಂದು ಮಾಡುತ್ತಾಳೆ. ಕೂತು ಮಾಡುವ ಒಂದು ಸ್ವಂತ ಕಸುಬು ಬೇಕು ಅಂತ ಅವಳು ನನ್ನ ಹತ್ತಿರ ಎಷ್ಟೋ ಸಲ ಹೇಳಿಕೊಂಡಿದ್ದಳು. ಒಂದು ದಿನ ಊಟದ ಹೊತ್ತಿಗೆ ಧೈರ್ಯ ಮಾಡಿ ಬಾಯಿ ಬಿಟ್ಟಳು.

"ಅತ್ತೆ, ಆ ಕೋಣೆ ಹೇಗೂ ಸುಮ್ಮನೆ ಬಿದ್ದಿದೆಯಲ್ಲ, ನಾನು ಅಲ್ಲಿ ಕೈಕೆಲಸ ಶುರು ಮಾಡ್ಲಾ?"

ಬಾಕಿ ಮಾತೆಲ್ಲ ಸರಿ. 'ಸುಮ್ಮನೆ ಬಿದ್ದಿದೆ' ಅನ್ನುವ ಎರಡು ಮಾತು ಬರಬಾರದಿತ್ತು. ನನ್ನ ಹೆಂಡತಿ ಕೈಯಲ್ಲಿದ್ದ ಸೌಟನ್ನು ಮೆಲ್ಲಗೆ ಕೆಳಗಿಟ್ಟಳು. ಅವಳು ಮೆಲ್ಲಗೆ ಇಟ್ಟಳೆಂದರೆ ಕಥೆ ಮುಗಿಯಿತು ಅಂತ ಅರ್ಥ.

"ಸುಮ್ಮನೆ ಬಿದ್ದಿರೋದು ಕೋಣೆಯೋ ನಾನೋ?"

"ನಾನು ಹಾಗಂದ್ನಾ?"

"ಅಂಗಿಗೆ ಒಂದು ಗುಂಡಿ ನೆಟ್ಟಗೆ ಹಾಕೋಕೆ ಬರಲ್ಲ. ಅಂಗಡಿ ಬೇಕಂತೆ."

"ಕಲಿಸಿ ಅಂತ ಬಂದಾಗ ಕಲಿಸಿದ್ರಾ? ಹೋಗಿ ಬೇಳೆ ತೊಳಿ ಅಂದ್ರಿ."

ಅಲ್ಲಿಗೆ ಮಾತು ನಿಂತಿತು. ಟಪಾಲು ಶುರುವಾಯಿತು.

ಮಗ ಇಡೀ ದಿನ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರನ್ನು ಇಳಿಸುವವನು. ಮನೆಯಲ್ಲಿ ಮಾತ್ರ ತಾನೇ ಸಿಕ್ಕಿಕೊಂಡ. ಹನ್ನೆರಡನೆಯ ದಿನ ಅವನೊಂದು ಉಪಾಯ ತಂದ. ಅವನು ಲಿಫ್ಟ್ ನೋಡುವ ದೊಡ್ಡ ಹೋಟೆಲಿನಲ್ಲಿ ಡಿಸೆಂಬರಿಗೆ ಒಂಬತ್ತಡಿಯ ಕ್ರಿಸ್‌ಮಸ್ ಮರ ನಿಲ್ಲಿಸುತ್ತಾರಂತೆ. ಮರದ ಬುಡದಲ್ಲಿ ಕಬ್ಬಿಣದ ಸ್ಟ್ಯಾಂಡು, ನಾಲ್ಕು ಬೋಲ್ಟು, ಕರೀ ವೈರು ಎಲ್ಲ ಅಸಹ್ಯವಾಗಿ ಕಾಣುತ್ತವೆ. ಸುತ್ತ ಹಾಸಲು ಕೈಯಲ್ಲೇ ಮಾಡಿದ ಫೆಲ್ಟಿನ ಗುಂಡು ಬಟ್ಟೆ ಬೇಕು ಅಂತ ಅಲ್ಲಿನ ಮ್ಯಾನೇಜರಮ್ಮ ಅಂದಿದ್ದರಂತೆ. ಟ್ರೀ ಸ್ಕರ್ಟ್ ಅನ್ನುತ್ತಾರಂತೆ ಅದಕ್ಕೆ. ನಾವು ಮನೆಯಲ್ಲಿ ಬುಡದ ಬಟ್ಟೆ ಅಂದೆವು.

"ಇವಳು ಮಾಡ್ಲಿ" ಅಂದ ಮಗ. "ಅವರು ಮೆಚ್ಚಿದ್ರೆ ಕೋಣೆ ಇವಳಿಗೆ. ಮೆಚ್ಚದಿದ್ರೆ ಜೆರಾಕ್ಸಿನವನಿಗೆ. ಆಮೇಲೆ ಯಾರೂ ತಕರಾರು ತೆಗೀಬಾರ್ದು."

ಸೊಸೆ ಒಪ್ಪಿದಳು. ನನ್ನ ಹೆಂಡತಿ ಒಪ್ಪಲೂ ಇಲ್ಲ, ಬಿಡಲೂ ಇಲ್ಲ. ತನ್ನ ಕೋಣೆಗೆ ತೀರ್ಪು ಕೊಡಲು ಹೋಟೆಲಿನವಳು ಯಾರು ಅಂತ ಪಾತ್ರೆಗಳಿಗೆ ಕೇಳಿಸುವಂತೆ ಗೊಣಗಿದಳು. ಆದರೆ ಜೆರಾಕ್ಸಿನವನ ಮೇಲೆ ಅವಳಿಗಿದ್ದ ಸಿಟ್ಟು ಇದಕ್ಕಿಂತ ದೊಡ್ಡದು. ತಾನು ಮೂವತ್ತೆಂಟು ವರ್ಷ ಕೂತ ಜಾಗದಲ್ಲಿ ಹಗಲಿಡೀ ಟಕ್ಕು ಟಕ್ಕು ಅಂತ ಕಾಗದ ಉಗುಳುವ ಯಂತ್ರ ಬಂದು ಕೂರುವುದನ್ನು ನೆನೆದರೇ ಅವಳಿಗೆ ಊಟ ಸೇರುತ್ತಿರಲಿಲ್ಲ. ಇದನ್ನು ನನಗೆ ಮಾತ್ರ ಹೇಳಿದಳು, ಹೇಳಬೇಡಿ ಅಂತಲೂ ಹೇಳಿದಳು.

ಫೆಲ್ಟ್ ಬಂತು. ಕೆಂಪು ಬಣ್ಣ, ಬಿಸ್ಕತ್ತಿನಷ್ಟು ದಪ್ಪ. ಸೊಸೆ ಅಂಗಡಿಗೆ ಹೋದ ಮೇಲೆ ನನ್ನ ಹೆಂಡತಿ ಅದರ ಅಂಚನ್ನು ಹಿಸುಕಿ, ಎಳೆದು, ಮೂಸಿ ನೋಡಿದಳು. ಹಾಸು ಹೊಕ್ಕಿನ ನೇಯ್ಗೆಯೇ ಇಲ್ಲ, ಉಣ್ಣೆಯನ್ನು ಒತ್ತಿ ಒತ್ತಿ ಹಪ್ಪಳ ಮಾಡಿದ್ದಾರೆ, ಇದೂ ಒಂದು ಬಟ್ಟೆಯಾ ಅಂತ ನನ್ನನ್ನೇ ಗದರಿದಳು, ನಾನೇ ಒತ್ತಿದ ಹಾಗೆ.

ಭಾನುವಾರ ಊಟದ ಮೇಜಿನ ಮೇಲೆ ಕತ್ತರಿಸುವ ಕೆಲಸ. ನಾವು ಅಡುಗೆಮನೆಯ ನೆಲದ ಮೇಲೆ ಕೂತು ಉಂಡೆವು. ಸೊಸೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಮೂಲೆಯಲ್ಲಿ ದಾರದ ತುದಿಯನ್ನು ನನ್ನ ಹೆಬ್ಬೆರಳಿನಿಂದ ಒತ್ತಿ ಹಿಡಿಸಿ, ಇನ್ನೊಂದು ತುದಿಗೆ ಚಾಕ್ ಕಟ್ಟಿ ಕಮಾನು ಎಳೆದಳು. ನನ್ನ ಹೆಂಡತಿ ಆಲೂಗಡ್ಡೆ ಸುಲಿಯುವ ನೆವದಲ್ಲಿ ಬಾಗಿಲಿಗೆ ಒರಗಿ ನಿಂತಿದ್ದಳು. ಎರಡೇ ಆಲೂಗಡ್ಡೆ, ಮುಕ್ಕಾಲು ಗಂಟೆ.

"ರೀ, ಹೆಬ್ಬೆರಳು ಅಲ್ಲಾಡಿಸಬೇಡಿ. ಅಲ್ಲಾಡಿಸಿದ್ರೆ ಗುಂಡಗೆ ಬರಲ್ಲ, ಮೊಟ್ಟೆ ಆಗುತ್ತೆ. ಮಡಿಕೆ ಜಾರದ ಹಾಗೆ ಗುಂಡುಸೂಜಿ ಚುಚ್ಚಿಕೊಂಡ್ರೆ ನಿಮಗೇ ಒಳ್ಳೇದು."

ನನಗೆ ಗುಂಡುಸೂಜಿ ಯಾಕೆ ಒಳ್ಳೆಯದು ಅಂತ ನಾನು ಕೇಳಲಿಲ್ಲ. ಸೊಸೆ ಮರುಮಾತಾಡದೆ ನಾಲ್ಕು ಕಡೆ ಸೂಜಿ ಚುಚ್ಚಿದಳು. ಕತ್ತರಿಸಿ ಬಿಡಿಸಿದರೆ ಐದಡಿ ಅಗಲದ ಗುಂಡು, ನಡುವೆ ಒಂದು ಬಟ್ಟಲಿನಷ್ಟು ತೂತು. ಚೆನ್ನಾಗಿ ಬಂದಿತ್ತು.

ಮರುದಿನ ಅಂಚಿನ ಯುದ್ಧ. ಫೆಲ್ಟಿನ ಅಂಚು ಬಿಚ್ಚಿಕೊಳ್ಳುವುದಿಲ್ಲ, ಮಡಿಸಿ ಹೊಲಿಯುವುದು ಬೇಕಿಲ್ಲ, ಹಾಗೇ ಬಿಡುತ್ತಾರೆ ಅಂತ ಸೊಸೆಯ ವಾದ. ಅಂಚು ಮಡಿಸದೆ ಬಿಡುವುದು ಅಂದರೆ ಮುಖಕ್ಕೆ ನೀರು ಹಾಕದೆ ಮದುವೆಮನೆಗೆ ಹೋದ ಹಾಗೆ ಅಂತ ನನ್ನ ಹೆಂಡತಿಯ ವಾದ. ಎರಡು ವಾದವನ್ನೂ ನಾನೇ ಮಂಡಿಸಬೇಕಾಯಿತು. ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿ ತಿರುಗಿ ಕೊನೆಗೆ ಯಾರ ಮಾತು ಯಾರಿಗೆ ಹೇಳುತ್ತಿದ್ದೇನೆ ಅನ್ನುವುದೇ ತಪ್ಪಿಹೋಗಿ, ಸೊಸೆಯ ಮಾತನ್ನು ಸೊಸೆಗೇ ಹೇಳಿದೆ. ಅವಳು ಒಳ್ಳೆ ಮಾತು ಮಾವ ಅಂದಳು. ಅಂಚು ಹಾಗೇ ಉಳಿಯಿತು. ನನ್ನ ಹೆಂಡತಿ ಆ ರಾತ್ರಿ ಅನ್ನ ಅರ್ಧಕ್ಕೇ ಬಿಟ್ಟೆದ್ದಳು.

ಆಮೇಲೆ ಮೂರು ವಾರ ಹಕ್ಕಿಗಳ ಕಾಟ. ಬಟ್ಟೆಯ ಅಂಚಿನ ಸುತ್ತ ಸಾಲಾಗಿ ಇಪ್ಪತ್ತನಾಲ್ಕು ಬಿಳಿ ಹಕ್ಕಿ. ಒಂದರ ಕೊಕ್ಕು ಮುಂದಿನದರ ಬಾಲಕ್ಕೆ ತಾಗಿದ ಹಾಗೆ. ಪ್ರತಿಯೊಂದನ್ನೂ ಬಿಳಿ ಫೆಲ್ಟಿನಲ್ಲಿ ಕತ್ತರಿಸಿ, ಸುತ್ತ ಕಾಜಾ ಹೊಲಿಗೆ ಹಾಕಿ ಕೂರಿಸಬೇಕು. ಸೊಸೆ ಕೌಂಟರಿನಿಂದ ಬಂದು, ಬಿಸಿನೀರಿನ ಬಕೆಟಿನಲ್ಲಿ ಕಾಲಿಟ್ಟುಕೊಂಡು ದಿನಕ್ಕೊಂದು, ಭಾನುವಾರ ಎರಡು ಹಕ್ಕಿ ಹೊಲಿದಳು. ಬಿಳಿ ನಾರು ಮನೆ ತುಂಬ ಹಾರಿತು. ಅನ್ನದಲ್ಲಿ, ಚಹಾದಲ್ಲಿ, ನನ್ನ ಹುಬ್ಬಿನಲ್ಲಿ. ಮಗ ಬ್ರೆಡ್ಡನ್ನು ಬೀದಿ ಬಾಗಿಲಲ್ಲಿ ನಿಂತು ತಿಂದ. ಹೆಂಡತಿ ಸೊಸೆಯ ಪಾತ್ರೆ ತೊಳೆಯುವ ಸರದಿಯನ್ನು ಯಾರಿಗೂ ಹೇಳದೆ ತಾನೇ ತೆಗೆದುಕೊಂಡಳು. ಕೇಳಿದ್ದಕ್ಕೆ ನಿಮಗೆ ಬೇಕಾದರೆ ನೀವು ತೊಳೆಯಿರಿ ಅಂದಳು, ಹಾಗಾಗಿ ಮತ್ತೆ ಕೇಳಲಿಲ್ಲ.

ಕೊಡುವುದಕ್ಕೆ ಒಂದೇ ದಿನ ಉಳಿದಿತ್ತು. ಸೊಸೆ ಬೆಳಿಗ್ಗೆ ಬೇಗ ಎದ್ದು ಏನೋ ಕತ್ತರಿಸಿ, ಬಟ್ಟೆಯನ್ನು ಮಡಚಿ ಕುರ್ಚಿಯ ಮೇಲಿಟ್ಟು ಓಡಿದಳು. ಮಧ್ಯಾಹ್ನ ಮೇಜು ಒರೆಸಲು ಹೋದ ನನ್ನ ಹೆಂಡತಿ ಅದನ್ನು ಎತ್ತಿದಳು. ಆಮೇಲೆ ನನ್ನನ್ನು ಕರೆದ ದನಿ ಕೇಳಿ, ಯಾರೋ ಹೋದರೋ ಏನೋ ಅಂದುಕೊಂಡೆ.

"ನೋಡಿ ಇಲ್ಲಿ. ಹಾಳಾಯ್ತು."

ನಡುವಿನ ತೂತಿನಿಂದ ಹೊರಗಿನ ಅಂಚಿನವರೆಗೆ ಬಟ್ಟೆ ಸೀಳಿತ್ತು. ಕೊನೆಯ ಹಕ್ಕಿಗೂ ಮೊದಲ ಹಕ್ಕಿಗೂ ನಡುವೆ ಬಿಟ್ಟ ಒಂದು ಗೇಣು ಖಾಲಿ ಜಾಗದಲ್ಲಿ ಕತ್ತರಿ ಹಾದುಹೋಗಿತ್ತು. ಕತ್ತರಿ ಜಾರಿದರೆ ಇಷ್ಟು ನೆಟ್ಟಗೆ ಜಾರುತ್ತದೆಯೇ ಅಂತ ನನಗೊಂದು ಅನುಮಾನ ಬಂದದ್ದು ನಿಜ. ಆದರೆ ಹೆಂಡತಿಯ ಮುಖ ನೋಡಿ ನುಂಗಿಕೊಂಡೆ. ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಕ್ರಿಸ್‌ಮಸ್ ಮರ ನಿಲ್ಲಿಸಿದವರಲ್ಲ. ಬಟ್ಟೆಯನ್ನು ಮರಕ್ಕೆ ಹೇಗೆ ಹಾಕುತ್ತಾರೆ ಅಂತ ಕೇಳಿದ್ದಕ್ಕೆ, ತಲೆಯಿಂದ ತೊಡಿಸುತ್ತಾರೆ, ಇನ್ನು ಹೇಗೆ ಅಂದಳು. ತೂತು ಅದಕ್ಕೇ ಇರುವುದಂತೆ.

"ಸಂಜೆ ಬಂದು ನೋಡಿದ್ರೆ ಎದೆ ಒಡ್ಕೋತಾಳೆ" ಅಂದಳು. "ಮೂರು ವಾರ ಊದಿದ ಕಾಲಲ್ಲಿ ಕೂತು ಹೊಲಿದಿದಾಳೆ ಪಾಪ. ಸೂಜಿಗೆ ದಾರ ಪೋಣಿಸಿ ಕೊಡಿ."

"ಅವಳನ್ನ ಒಂದು ಮಾತು ಕೇಳೋಣ ಕಣೇ."

"ಕೇಳಿದ್ರೆ ಮಾತಾಡಬೇಕಲ್ಲ."

ನಾನು ದಾರ ಹುಡುಕಿ ತಂದೆ. ಅವಳು ಕಿಟಕಿಯ ಬಿಸಿಲಿಗೆ ಕುರ್ಚಿ ಎಳೆದು ಕೂತಳು. ನಾನು ಪೋಣಿಸಿದೆ, ಅವಳು ಹೊಲಿದಳು. ಕಣ್ಣಿನಿಂದಲ್ಲ, ಬೆರಳಿನಿಂದ. ಬಟ್ಟೆಯ ದಪ್ಪದ ಒಳಗೊಳಗೇ ಸೂಜಿ ಓಡಿಸಿದಳು. ದಾರ ಮೇಲೂ ಬರಲಿಲ್ಲ, ಕೆಳಗೂ ಇಣುಕಲಿಲ್ಲ. ಹತ್ತು ಹೊಲಿಗೆಗೊಮ್ಮೆ ಉಗುರಿನಿಂದ ತೀಡಿ ನೋಡಿದಳು. ಎರಡು ವರ್ಷದ ಮೇಲೆ ಅವಳ ತುಟಿಗಳ ನಡುವೆ ಗುಂಡುಸೂಜಿ ಕಂಡೆ. ಆ ಖಾಲಿ ಜಾಗ ಬೋಳು ಬೋಳಾಗಿ ಕಾಣುತ್ತದೆ ಅಂತ, ಉಳಿದ ಬಿಳಿ ಚೂರಿನಲ್ಲಿ ಇನ್ನೊಂದು ಹಕ್ಕಿ ಕತ್ತರಿಸಿ ಅದನ್ನೂ ಕೂರಿಸಿದಳು. ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಒತ್ತಿದಳು. ಸೀಳು ಎಲ್ಲಿತ್ತು ಅಂತ ಹುಡುಕಿದೆ. ಸಿಗಲಿಲ್ಲ. ಮೊದಲಿದ್ದ ಹಾಗೇ ಮಡಚಿ ಕುರ್ಚಿಯ ಮೇಲಿಟ್ಟೆವು.

ಸೊಸೆ ಮಾರನೆಯ ಬೆಳಿಗ್ಗೆ ರಜೆ ಹಾಕಿ, ಬಿಡಿಸಿಯೂ ನೋಡದೆ ಕಾಗದದಲ್ಲಿ ಸುತ್ತಿಕೊಂಡು ಗಂಡನ ಜೊತೆ ಹೋಟೆಲಿಗೆ ಹೋದಳು. ಹನ್ನೊಂದು ಗಂಟೆಗೆ ನನ್ನ ಫೋನು ಬಡಿದುಕೊಂಡಿತು.

"ಮಾವ, ಅತ್ತೆಗೆ ಕೊಡಿ."

ಇಂಥ ಮಾತು ಕೇಳಿ ತಿಂಗಳ ಮೇಲಾಗಿತ್ತು. ಅವಸರದಲ್ಲಿ ಕೊಡಲು ಹೋಗಿ, ಫೋನನ್ನು ಜೋರು ಮಾಡುವ ಗುಂಡಿಗೆ ಬೆರಳು ತಾಗಿತು. ಹಾಗಾಗಿ ನನಗೂ ಕೇಳಿಸಿತು.

"ಅತ್ತೆ, ಬಟ್ಟೆಗೆ ನೀವೇನಾದ್ರೂ ಮಾಡಿದ್ರಾ?"

"ಮಾಡಿದೆ. ಹರಿದಿತ್ತು, ಹೊಲಿದೆ."

"ಅದು ಹರಿದಿದ್ದಲ್ಲ ಅತ್ತೆ. ನಾನೇ ಕತ್ತರಿಸಿದ್ದು. ಮರ ಆಗ್ಲೇ ನಿಂತಿದೆ. ಬೋಲ್ಟ್ ಬಿಗಿದು, ದೀಪ ಎಲ್ಲ ಹಾಕಿಬಿಟ್ಟಿದ್ದಾರೆ. ಆ ಸೀಳಿಂದಾನೇ ಸುತ್ತಬೇಕು ಬುಡಕ್ಕೆ."

ನನ್ನ ಹೆಂಡತಿ ಒಲೆ ಆರಿಸಿದಳು.

"ಅತ್ತೆ, ಎಲ್ಲಿ ಹೊಲಿದ್ರಿ ಹೇಳಿ ಸಾಕು. ಹುಡುಕಿ ಹುಡುಕಿ ಸಾಕಾಯ್ತು, ಕಾಣ್ತಾನೇ ಇಲ್ಲ."

"ಕಂಡ್ರೆ ನಾನು ಮೂವತ್ತೆಂಟು ವರ್ಷ ಹೊಲಿದಿದ್ದು ದಂಡ" ಅಂದಳು ನನ್ನ ಹೆಂಡತಿ. ಆಮೇಲೆ ದನಿ ಕುಸಿಯಿತು. "ಅಲ್ಲೇ ಇರು. ಬಂದೆ."

ಬಸ್ಸಿನಲ್ಲಿ ಸೀಟಿತ್ತು, ಕೂರಲಿಲ್ಲ. ಕಂಬ ಹಿಡಿದು ನಿಂತೇ ಬಂದಳು. ತಲೆಯಿಂದ ತೊಡಿಸುತ್ತಾರೆ ಅಂತ ಹೇಳಿದ್ದು ಯಾರು ಅಂತ ನನ್ನನ್ನು ಕೇಳಿದಳು. ನೀನೇ ಅನ್ನಲಿಲ್ಲ ನಾನು. ನಲವತ್ತು ವರ್ಷದ ಸಂಸಾರದಲ್ಲಿ ಅಷ್ಟಾದರೂ ಕಲಿತಿದ್ದೇನೆ.

ಹೋಟೆಲಿನ ಮುಂಭಾಗದ ಹಜಾರ ಕನ್ನಡಿಯಂತೆ ಹೊಳೆಯುತ್ತಿತ್ತು. ನಡುವೆ ಮರ, ಮೇಲಿನಿಂದ ಕೆಳಗೆ ದೀಪ, ಕೆಳಗೆ ಆ ಬೋಲ್ಟು ವೈರುಗಳ ಸಂಸಾರ. ರತ್ನಗಂಬಳಿಯ ಮೇಲೆ ಬಟ್ಟೆ ಹರಡಿಕೊಂಡು ಸೊಸೆ ಮಂಡಿಯೂರಿ ಕೂತಿದ್ದಳು. ಮಗ ಲಿಫ್ಟಿನ ಬಾಗಿಲ ಹತ್ತಿರ ಲಿಫ್ಟು ಕೆಟ್ಟಿದೆ ಅನ್ನುವವನ ಹಾಗೆ ನಟಿಸುತ್ತಿದ್ದ. ಕೂದಲಿಗೆ ಪೆನ್ನು ಸಿಕ್ಕಿಸಿಕೊಂಡ ಮ್ಯಾನೇಜರಮ್ಮ ಬಂದು, ಒಂದು ಗಂಟೆಗೆ ದೊಡ್ಡ ಗುಂಪಿನ ಅತಿಥಿಗಳು ಬರುತ್ತಾರೆ, ಅಷ್ಟರೊಳಗೆ ಆಗದಿದ್ದರೆ ಬೇಡವೇ ಬೇಡ, ಹಸಿರು ಕಾಗದ ಸುತ್ತಿಸುತ್ತೇನೆ ಅಂದರು. ಎಲ್ಲಾದರೊಂದು ಕಡೆ ಕತ್ತರಿಸಿಬಿಡಿ ಅಂತಲೂ ಸಲಹೆ ಕೊಟ್ಟರು. ಎಲ್ಲಿ ಕತ್ತರಿಸುವುದು? ಈಗ ಸುತ್ತಲೂ ಹಕ್ಕಿ, ಕೊಕ್ಕಿಗೆ ಬಾಲ, ಬಾಲಕ್ಕೆ ಕೊಕ್ಕು. ಎಲ್ಲಿ ಕತ್ತರಿ ಇಟ್ಟರೂ ಒಂದು ಹಕ್ಕಿಯ ಕುತ್ತಿಗೆ.

ನನ್ನ ಹೆಂಡತಿ ನೆಲಕ್ಕೆ ಕೂತು ಬೆರಳಾಡಿಸಿದಳು. ಒಂದು ಸುತ್ತು ಬಂದಳು, ಎರಡನೇ ಸುತ್ತು ಬಂದಳು. ಮೊದಲು ಅವಳ ಮುಖದಲ್ಲಿ ಒಂದು ಬಿಂಕವಿತ್ತು. ಎರಡನೇ ಸುತ್ತಿಗೆ ಹಣೆಯಲ್ಲಿ ಬೆವರು ಬಂತು. ಅವಳ ಹೊಲಿಗೆ ಅವಳಿಗೇ ಸಿಗಲಿಲ್ಲ.

"ನಂಗೆ ಕಾಣಲ್ಲ ಕಣೆ" ಅಂದಳು ಸೊಸೆಗೆ, ಮೆಲ್ಲಗೆ. "ನಿನ್ನ ಕೆಲಸ ಕೆಡಿಸಿಬಿಟ್ಟೆ."

ನನ್ನ ಹೆಂಡತಿಯ ಬಾಯಲ್ಲಿ ಇಂಥ ಮಾತು ನಾನು ಕೇಳಿದ್ದು ಅದೇ ಮೊದಲು. ಸೊಸೆ ಅವಳನ್ನೊಮ್ಮೆ ನೋಡಿದಳು. ಆಮೇಲೆ ಒಂದು ಹಕ್ಕಿಯ ಮೇಲೆ ಬೆರಳಿಟ್ಟಳು. ಇದು ನನ್ನದು, ರೆಕ್ಕೆಯ ಹತ್ತಿರ ದಾರ ಗಂಟಾಗಿದೆ ಅಂದಳು. ಮುಂದಿನದು ತನ್ನದೇ, ಕೊಕ್ಕು ಡೊಂಕು. ಅದರ ಮುಂದಿನದನ್ನು ಹೊಲಿಯುವಾಗ ತೂಕಡಿಕೆ ಬಂದಿತ್ತು, ಹೊಲಿಗೆ ಒಂದು ಉದ್ದ ಒಂದು ಗಿಡ್ಡ. ಹೀಗೇ ತನ್ನ ಒಂದೊಂದು ತಪ್ಪನ್ನೂ ಮುಟ್ಟಿ ಮುಟ್ಟಿ ಹದಿನೇಳು ಹಕ್ಕಿ ದಾಟಿದಳು. ಹದಿನೆಂಟನೆಯದರ ಮೇಲೆ ಬೆರಳು ನಿಂತಿತು.

"ಇದು ನಂದಲ್ಲ. ಇದರಲ್ಲಿ ತಪ್ಪೇ ಇಲ್ಲ."

ನನ್ನ ಹೆಂಡತಿ ಸೆರಗಿನಲ್ಲಿ ಮುಖ ಒರೆಸಿಕೊಂಡು, ಮಿಕ್ಕವೂ ಅಷ್ಟೇನು ಕೆಟ್ಟದಾಗಿಲ್ಲ ಅಂದಳು. ಸೊಸೆ ಬ್ಲೇಡು ತೆಗೆದುಕೊಂಡಳು. ತೂತಿನ ಕಡೆಯಿಂದ ಮೊದಲ ದಾರ ಸಿಕ್ಕಿತು. ಬ್ಲೇಡು ಅಲ್ಲೇ ನಿಂತಿತು.

"ಅತ್ತೆ, ಇದನ್ನ ಬಿಚ್ಚೋಕೆ ಕೈ ಬರ್ತಿಲ್ಲ."

"ಬಿಚ್ಚು. ಬಿಚ್ಚೋಕೆ ಬರದವಳು ಹೊಲಿಯೋಕೆ ಕೂರಬಾರದು."

ಬಿಚ್ಚಿದಳು. ಹಕ್ಕಿಯ ಹತ್ತಿರ ಬಂದಾಗ ನನ್ನ ಹೆಂಡತಿ ಅವಳ ಕೈ ತಡೆದಳು. ಹಕ್ಕಿಯನ್ನು ಪೂರ್ತಿ ತೆಗೆಯಬೇಡ, ಎಡಗಡೆ ಅರ್ಧ ಮಾತ್ರ ಬಿಡಿಸು, ಬಲಗಡೆ ಅರ್ಧ ಬಟ್ಟೆಗೇ ಇರಲಿ, ಬಿಡಿಸಿದ ರೆಕ್ಕೆಯ ಕೆಳಗೆ ಒಂದು ಹುಕ್ಕು ಹಾಕು ಅಂದಳು. ಸೊಸೆಗೆ ಅರ್ಥವಾಗಿ ಕಣ್ಣು ಅಗಲವಾಯಿತು. ಇಬ್ಬರೂ ಎರಡು ಕಡೆ ಹಿಡಿದು ಮರದ ಸುತ್ತ ಬಟ್ಟೆ ಬಳಸಿದರು. ಹುಕ್ಕು ಕೂತಿತು. ಅದರ ಮೇಲೆ ಹಕ್ಕಿ ರೆಕ್ಕೆ ಮುಚ್ಚಿಕೊಂಡಿತು. ಬೋಲ್ಟಿಲ್ಲ, ವೈರಿಲ್ಲ, ಸೀಳೂ ಇಲ್ಲ.

ಮ್ಯಾನೇಜರಮ್ಮ ಸುತ್ತ ಎರಡು ಸಲ ನಡೆದು, ಬಗ್ಗಿ ನೋಡಿ, ಮರ ಕೀಳದೆ ಇದನ್ನು ಹಾಕಿದ್ದು ಹೇಗೆ ಅಂತ ಕೇಳಿದರು.

"ತಲೆಯಿಂದ ತೊಡಿಸಿದ್ವಿ" ಅಂದಳು ನನ್ನ ಹೆಂಡತಿ, ಮುಖದ ಒಂದು ಗೆರೆಯೂ ಅಲ್ಲಾಡದೆ. ಸೊಸೆ ಮರದ ಹಿಂದಕ್ಕೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡಳು. ಮ್ಯಾನೇಜರಮ್ಮ ಹೊಸ ವರ್ಷಕ್ಕೆ ಊಟದ ಹಾಲಿನ ಮೇಜುಗಳಿಗೂ ಇಂಥದ್ದೇ ಹಾಸು ಬೇಕು, ಯಾರ ಹತ್ತಿರ ಮಾತಾಡಲಿ ಅಂದರು. ಅತ್ತೆ ಸೊಸೆಯನ್ನು ತೋರಿಸಿದಳು. ಸೊಸೆ ಅತ್ತೆಯನ್ನು ತೋರಿಸಿದಳು.

ಸಂಜೆ ನಾಲ್ವರೂ ಮೇಜಿಗೇ ಕೂತು ಉಂಡೆವು. ಬೀನ್ಸಿಗೆ ಉಪ್ಪು ಕಡಿಮೆಯಾಗಿತ್ತು. ಸೊಸೆ ಅತ್ತೆಗೇ ಹೇಳಿದಳು, ಅತ್ತೆ ಸೊಸೆಗೇ ಡಬ್ಬಿ ಕೊಟ್ಟಳು. ನನಗೆ ಕೆಲಸವಿಲ್ಲದೆ ಕೈ ಬರಿದೆನ್ನಿಸಿತು. ಅಷ್ಟರಲ್ಲಿ ಮಗನ ಫೋನು ಬಡಿಯಿತು. ಜೆರಾಕ್ಸಿನವನು. ಕೋಣೆಗೆ ಅಳತೆ ತೆಗೆಯಲು ನಾಳೆ ಬರಲೇ ಅಂತ ಕೇಳುತ್ತಿದ್ದಾನೆ, ಏನು ಹೇಳಲಿ ಅಂದ ಮಗ, ಫೋನಿನ ಬಾಯಿ ಮುಚ್ಚಿಕೊಂಡು. ಪಂದ್ಯದ ಮಾತಿನ ಪ್ರಕಾರ ಕೋಣೆ ಸೊಸೆಯದು. ಆದರೂ ಸೊಸೆ ಉತ್ತರವನ್ನು ಅತ್ತೆಗೇ ಬಿಟ್ಟು ತಟ್ಟೆ ನೋಡುತ್ತಾ ಕೂತಳು. ನನ್ನ ಹೆಂಡತಿ ಬಾಯಲ್ಲಿದ್ದ ತುತ್ತು ಮುಗಿಸಿ, ನೀರು ಕುಡಿದಳು.

"ಕೋಣೆ ಖಾಲಿ ಇಲ್ಲ ಅನ್ನು. ಒಳಗೆ ಇಬ್ಬರು ಕೂತು ಹೊಲೀತಿದಾರೆ ಅನ್ನು."

ಸೊಸೆಯ ಕಣ್ಣಿನಿಂದ ನೀರು ಅನ್ನದ ಮೇಲೆ ಬಿತ್ತು. ಮಗ ಫೋನಿನಲ್ಲಿ ಇಬ್ಬರು ಅಂತಲೇ ಹೇಳಿದ. ನನ್ನನ್ನು ಯಾರೂ ಎಣಿಸಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಆರಕ್ಕೆ ಆ ಕೋಣೆಯ ಎರಡು ವರ್ಷದ ಧೂಳು ಹೊಡೆದವನು ಮಾತ್ರ ನಾನೇ. ಅತ್ತೆ ಸೊಸೆ ಇಬ್ಬರೂ ಬಾಗಿಲಲ್ಲಿ ಚಹಾ ಕುಡಿಯುತ್ತಾ ನಿಂತು, ಎಲ್ಲೆಲ್ಲಿ ಇನ್ನೂ ಗುಡಿಸಬೇಕು ಅಂತ ಒಟ್ಟಿಗೇ ತೋರಿಸುತ್ತಿದ್ದರು.